ನಿಮಗಿದು ಗೊತ್ತೇ? ಪೊಟೊಮ್ಯಾಕ್ ದಂಡೆಯ ಹೇಸರಗತ್ತೆ ದಾರಿ

ಗ್ರಾವೆಲ್ ಬೈಕ್ ಎಂಬ ಒರಟು ದಾರಿಯ ಸೈಕಲ್ಲಿನ ಸವಾರರು ಹುಡುಕಿಕೊಂಡು ಹೋಗುವ ಜಲ್ಲಿದಾರಿಗಳಲ್ಲಿ ಒಂದು ಅಮೆರಿಕದ ಪೊಟೊಮ್ಯಾಕ್ ನದಿಯ ಕಣಿವೆಯಲ್ಲಿದೆ. ರಾಜಧಾನಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್ ಪಟ್ಟಣದವರೆಗೆ 184.5 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 297 ಕಿಲೋಮೀಟರ್. ಅದನ್ನು ಮಾಡಿದ್ದು ಸೈಕಲ್ಲಿಗಾಗಿ ಅಲ್ಲ; ಪೆಡಲ್ ಇರುವ ಸೈಕಲ್ಲು ಆಗಿನ್ನೂ ಹುಟ್ಟಿರಲಿಲ್ಲ. ಚೆಸಪೀಕ್ ಆ್ಯಂಡ್ ಒಹಾಯೊ ಕಾಲುವೆಯ ದೋಣಿಗಳನ್ನು ಎಳೆಯುವ ಹೇಸರಗತ್ತೆಗಳು ನಡೆಯಲೆಂದು ಕಾಲುವೆಗೂ ನದಿಗೂ ನಡುವೆ ಹಾಕಿದ ಮಣ್ಣಿನ ಏರಿ ಅದು. ಅಲ್ಲಿಯವರ ಬಾಯಲ್ಲಿ ಇವತ್ತಿಗೂ ಅದು ‘ಟೋಪಾತ್’.

ಏರಿನ ಅಂಜಿಕೆ ಇರುವವರಿಗೆ ಇಷ್ಟು ಹೇಳಿದರೆ ಸಾಕು: ಇಡೀ 297 ಕಿಲೋಮೀಟರಿನಲ್ಲಿ ದಾರಿ ಮೇಲೇರುವುದು 605 ಅಡಿ ಮಾತ್ರ. ಕಿಲೋಮೀಟರಿಗೆ ಒಂದು ಮೀಟರೂ ಬೀಳುವುದಿಲ್ಲ. ಆ ಏರೂ ಒಂದೇ ಸಮನೆ ಇಲ್ಲ. ಕಾಲುವೆಯ ನೀರು ಸಮತಟ್ಟಾಗಿ ನಿಲ್ಲಬೇಕಲ್ಲ, ಅದಕ್ಕಾಗಿ ನಡುನಡುವೆ 74 ಲಾಕ್‌ಗಳನ್ನು ಕಟ್ಟಿದರು. ಎರಡು ಕದಗಳ ನಡುವಿನ ಕಲ್ಲಿನ ತೊಟ್ಟಿಗೆ ದೋಣಿಯನ್ನು ಬಿಟ್ಟು, ನೀರು ತುಂಬಿಸಿ ಸುಮಾರು ಎಂಟು ಅಡಿ ಮೇಲೆತ್ತುವ ಏರ್ಪಾಡು. ಏರಿಯೂ ಲಾಕ್ ಬಂದಲ್ಲಿ ಅಷ್ಟೇ ಎತ್ತರ ಏರಿ ಮತ್ತೆ ಮಟ್ಟಸವಾಗುತ್ತದೆ. ಭಾರ ಎಳೆಯುವ ಪ್ರಾಣಿ ಬಸವಳಿಯದಿರಲಿ ಎಂದು 19ನೆಯ ಶತಮಾನದ ಎಂಜಿನಿಯರುಗಳು ಹಾಕಿದ ಲೆಕ್ಕವೇ ಇಂದಿನ ಸವಾರನ ಮಂಡಿಯನ್ನು ಕಾಯುತ್ತಿದೆ. ಈ ದಾರಿಯ ಹಿರಿಮೆಗಳಲ್ಲಿ ನನಗೆ ಇದೇ ದೊಡ್ಡದು.

ನದಿಯ ಕನಸು ಕಾಲುವೆಗಿಂತ ಹಳೆಯದು. ಪೊಟೊಮ್ಯಾಕ್‌ನಲ್ಲಿ ದೋಣಿ ನಡೆಸಿ ಪಶ್ಚಿಮದ ನಾಡುಗಳನ್ನು ಸಮುದ್ರಕ್ಕೆ ಜೋಡಿಸಬೇಕೆಂದು 1785ರಲ್ಲಿ ಹುಟ್ಟಿದ ಪಟೋಮ್ಯಾಕ್ ಕಂಪನಿಯ ಮೊದಲ ಅಧ್ಯಕ್ಷರು ಜಾರ್ಜ್ ವಾಷಿಂಗ್ಟನ್. ಅದೇ ವರ್ಷ ನದಿಯ ಸಂಚಾರದ ಬಗ್ಗೆ ಮೇರಿಲ್ಯಾಂಡ್ ಮತ್ತು ವರ್ಜೀನಿಯಾದ ಪ್ರತಿನಿಧಿಗಳು ಅವರ ಮನೆಯಲ್ಲಿ ಮಾತುಕತೆ ನಡೆಸಿದರು. ಆ ಮಾತುಕತೆ ಬೆಳೆದು 1786ರ ಅನಾಪೊಲಿಸ್ ಸಭೆಗೆ, ಅಲ್ಲಿಂದ 1787ರ ಸಂವಿಧಾನ ಸಭೆಗೆ ದಾರಿಯಾಯಿತು. ಒಂದು ನದಿಯ ದೋಣಿ ಸಂಚಾರದ ಚರ್ಚೆ ಒಂದು ದೇಶದ ಸಂವಿಧಾನದವರೆಗೆ ಮುಟ್ಟಿದ ಪ್ರಸಂಗ ಇದು.

ದಾರಿ ಸಾಗುವುದು ನದಿಯ ಮೇರಿಲ್ಯಾಂಡ್ ದಂಡೆಯ ಮೇಲೆ. ಎದುರು ದಂಡೆಯಲ್ಲಿ ಕೆಳಗಡೆ ವರ್ಜೀನಿಯಾ, ಮೇಲಕ್ಕೆ ಹೋದಂತೆ ವೆಸ್ಟ್ ವರ್ಜೀನಿಯಾ. ಆದರೆ ನದಿ ಇಬ್ಬರಿಗೂ ಸಮಪಾಲಲ್ಲ. 1632ರ ಇಂಗ್ಲೆಂಡಿನ ರಾಜಸನ್ನದಿನಿಂದಾಗಿ ಎದುರು ದಂಡೆಯ ತನಕ ನದಿಯ ಪಾತ್ರವೆಲ್ಲ ಮೇರಿಲ್ಯಾಂಡಿನದೇ.

1828ರ ಜುಲೈ 4. ಕಾಲುವೆಯ ಗುದ್ದಲಿಪೂಜೆಗೆ ಬಂದ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸನಿಕೆ ಊರಿದರೆ ಅಡಿಯಲ್ಲಿ ಮರದ ಬೇರು. ಮತ್ತೆ ಊರಿದರು, ಇಳಿಯಲಿಲ್ಲ. ಕೊನೆಗೆ ಕೋಟು ಕಳಚಿಟ್ಟು ಅಗೆದಾಗ ನೆರೆದ ಜನ ಜಯಘೋಷ ಮಾಡಿದರು. ಅದೇ ದಿನ ಬಾಲ್ಟಿಮೋರ್‌ನಲ್ಲಿ, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಆಗ ಬದುಕಿದ್ದ ಒಬ್ಬರೇ ಒಬ್ಬರಾದ ಚಾರ್ಲ್ಸ್ ಕ್ಯಾರಲ್, ಬಾಲ್ಟಿಮೋರ್ ಆ್ಯಂಡ್ ಒಹಾಯೊ ರೈಲುದಾರಿಗೆ ಮೊದಲ ಕಲ್ಲು ಇಟ್ಟರು. ಇಬ್ಬರ ಗುರಿಯೂ ಒಹಾಯೊ ನದಿಯೇ. ರೈಲು 1842ಕ್ಕೇ ಕಂಬರ್‌ಲ್ಯಾಂಡ್ ಮುಟ್ಟಿತು. ಕಾಲುವೆ ಅಲ್ಲಿಗೆ ಬಂದದ್ದು 1850ರಲ್ಲಿ, ಮುಂದೆ ಹೋಗಲೇ ಇಲ್ಲ.

ಅಗೆದವರು ಯಾರು? ಹೆಚ್ಚಿನವರು ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. 1832ರಲ್ಲಿ ಕಾಲರಾ ಅವರ ಗುಡಿಸಲುಗಳಿಗೆ ನುಗ್ಗಿತು. 1834ರಲ್ಲಿ ವಿಲಿಯಮ್ಸ್‌ಪೋರ್ಟ್ ಬಳಿ ಕೂಲಿಗಳ ಗುಂಪುಗಳು ಬಡಿದಾಡಿಕೊಂಡಾಗ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್ ಸೈನ್ಯ ಕಳಿಸಿದರು; ಕಾರ್ಮಿಕರ ಗಲಾಟೆಗೆ ಅಮೆರಿಕದ ಕೇಂದ್ರ ಸರ್ಕಾರ ಸೈನ್ಯ ಬಳಸಿದ್ದು ಅದೇ ಮೊದಲು. ನುಣುಪಾದ ಏರಿಯ ಮೇಲೆ ಸಲೀಸಾಗಿ ಉರುಳುವಾಗ ಈ ಜನರನ್ನು ನೆನೆಯಲೇಬೇಕು.

ಉಪನದಿಗಳನ್ನು ದಾಟಲು ಕಾಲುವೆಗೇ ಸೇತುವೆ ಬೇಕಿತ್ತು. ಅಂಥ 11 ಮೇಲ್ಗಾಲುವೆಗಳಲ್ಲಿ ಚೆಲುವಾದದ್ದು ಮೊನಾಕಸಿಯದು: 516 ಅಡಿ ಉದ್ದ, ಏಳು ಕಮಾನು, ಮುಗಿದದ್ದು 1833ರಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲ, 1862ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಕಾನ್ಫೆಡರೇಟ್ ಸೈನಿಕರು ಇದನ್ನು ಸಿಡಿಸಲು ಬಂದರು. ಮದ್ದು ತುಂಬಲು ಕಲ್ಲಿನಲ್ಲಿ ತೂತು ಕೊರೆಯಬೇಕಿತ್ತು. ಉಳಿಗಳು ಮೊಂಡಾದವೇ ಹೊರತು ಕಟ್ಟಡ ಜಗ್ಗಲಿಲ್ಲ. ಸೈನಿಕರು ಕೈಬಿಟ್ಟು ಹೋದರು. ಇವತ್ತು ಸವಾರರು ದಾಟುವುದು ಅದೇ ಕಲ್ಲುಗಳ ಮೇಲೆ.

ಅದೇ ತಿಂಗಳ 17ರಂದು ದಾರಿಗೆ ಹತ್ತಿರದ ಶಾರ್ಪ್ಸ್‌ಬರ್ಗ್ ಹೊಲಗಳಲ್ಲಿ ಆ್ಯಂಟೀಟಮ್ ಕದನ ನಡೆಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೇ ದಿನದಲ್ಲಿ ಸುಮಾರು 23,000 ಜನ. ಅಮೆರಿಕದ ಇತಿಹಾಸದಲ್ಲಿ ಅಷ್ಟು ನೆತ್ತರು ಹರಿದ ದಿನ ಇನ್ನೊಂದಿಲ್ಲ. ಊರವರು ಕೆಲವರು ಜೀವ ಉಳಿಸಿಕೊಳ್ಳಲು ಅಡಗಿದ್ದ ಕಿಲಿಯನ್ಸ್‌ಬರ್ಗ್ ಗುಹೆ ಟೋಪಾತ್‌ನ ಮಗ್ಗುಲಲ್ಲೇ ಇದೆ. ಕದನದ ಐದು ದಿನಗಳ ಬಳಿಕ ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಪ್ರಾಥಮಿಕ ಘೋಷಣೆ ಹೊರಡಿಸಿದರು.

ಹಾರ್ಪರ್ಸ್ ಫೆರಿ ನೋಡಬೇಕೆಂದರೆ ಸೈಕಲ್ಲಿನಿಂದ ಇಳಿಯಲೇಬೇಕು. ಊರು ನದಿಯ ಆಚೆ ದಂಡೆಯಲ್ಲಿದೆ. ಮೆಟ್ಟಿಲು ಹತ್ತಿ ರೈಲುಸೇತುವೆಗೆ ಅಂಟಿಕೊಂಡ ಕಾಲುದಾರಿಯಲ್ಲಿ ದಾಟಬೇಕು. ಶೆನಾಂಡೋವಾ ನದಿ ಪೊಟೊಮ್ಯಾಕ್‌ಗೆ ಸೇರುವ ಸಂಗಮ ಅದು. ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ 1859ರ ಅಕ್ಟೋಬರಿನಲ್ಲಿ ಶಸ್ತ್ರಾಗಾರಕ್ಕೆ ಲಗ್ಗೆ ಹಾಕಿದ್ದೂ ಅಲ್ಲೇ.

ಈಗ ಪಾವ್‌ಪಾವ್ ಸುರಂಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನದಿ ಹಾವಿನಂತೆ ಸುತ್ತಿ ಬಳಸುವ ಸುಮಾರು ಆರು ಮೈಲಿಯನ್ನು ತಪ್ಪಿಸಲು ಗುಡ್ಡವನ್ನೇ 3,118 ಅಡಿ ಕೊರೆದರು. 1836ರಲ್ಲಿ ಆರಂಭಿಸಿದಾಗ ಎರಡು ವರ್ಷದ ಕೆಲಸ ಎಂಬ ಅಂದಾಜು. ಹಿಡಿದದ್ದು 14 ವರ್ಷ. ಕಂಪನಿಯ ಹಣ ಬತ್ತಿ ನಡುವೆ ವರ್ಷಗಟ್ಟಲೆ ಕೆಲಸ ನಿಂತಿತ್ತು, ಮೊದಲ ಗುತ್ತಿಗೆದಾರ ಕೈಸೋತ. ಒಳಗೋಡೆಗೆ ಸುಮಾರು 60 ಲಕ್ಷ ಇಟ್ಟಿಗೆ. ಒಳಗೆ ಒಂದು ಸಲಕ್ಕೆ ಒಂದೇ ದೋಣಿ ಹಿಡಿಯುತ್ತಿತ್ತು. ಎದುರುಬದುರಾದ ಇಬ್ಬರು ದೋಣಿಯವರು ಹಿಂದೆ ಸರಿಯಲೊಲ್ಲದೆ ದಿನಗಟ್ಟಲೆ ಹಟ ಹಿಡಿದು ಕೂತಾಗ, ಸುರಂಗದ ಬಾಯಲ್ಲಿ ಹಸಿ ಮೆಕ್ಕೆಜೋಳದ ದಂಟು ಸುಟ್ಟು ಹೊಗೆ ಹಾಕಿ ಎಬ್ಬಿಸಿದರೆಂಬ ಕಥೆಯನ್ನು ಆ ಕಡೆ ಇಂದಿಗೂ ಹೇಳುತ್ತಾರೆ. ಸವಾರರಿಗೆ ಇಲ್ಲಿ ಟಾರ್ಚ್ ಬೇಕೇ ಬೇಕು. ಒಳಗೆ ಕಗ್ಗತ್ತಲೆ, ಕಾಲಡಿ ಕಿರಿದು, ಸೈಕಲ್ಲನ್ನು ನಡೆಸಿಕೊಂಡೇ ಹೋಗಬೇಕು. ಪಕ್ಕದ ಕಟಕಟೆಯ ಮೇಲೆ ಕೈಯಾಡಿಸಿ ನೋಡಿ. ದೋಣಿಯ ಹಗ್ಗ ವರ್ಷಾನುವರ್ಷ ಉಜ್ಜಿ ಕೊರೆದ ಗೀರುಗಳು ಬೆರಳಿಗೆ ಸಿಗುತ್ತವೆ.

ಸುರಂಗಕ್ಕೆ ಹೆಸರು ಬಂದದ್ದು ಸುತ್ತಲಿನ ಪಾವ್‌ಪಾವ್ ಮರಗಳಿಂದ. ಅದು ಪಪ್ಪಾಯಿ ಅಲ್ಲ, ನಮ್ಮ ಸೀತಾಫಲದ ಕುಟುಂಬದ ಮರ! ಹಣ್ಣು ಮಾಗುವುದು ಸೆಪ್ಟೆಂಬರಿನ ಹೊತ್ತಿಗೆ.

ಒಂದು ದೋಣಿ ಹೊರುತ್ತಿದ್ದ ಕಲ್ಲಿದ್ದಲು 120 ಟನ್ನಿನವರೆಗೆ. ಎಳೆಯಲು ಎರಡೋ ಮೂರೋ ಹೇಸರಗತ್ತೆ. ಆರು ಗಂಟೆಯ ಪಾಳಿ ಮುಗಿದ ಜೋಡಿ ದೋಣಿಯ ಮೂತಿಯಲ್ಲಿದ್ದ ಲಾಯಕ್ಕೆ ಹತ್ತಿ ಮಲಗುತ್ತಿತ್ತು, ಇನ್ನೊಂದು ಜೋಡಿ ಏರಿಗೆ ಇಳಿಯುತ್ತಿತ್ತು. ಸಂಸಾರಗಳು ದೋಣಿಯಲ್ಲೇ ವಾಸ. ಹೇಸರಗತ್ತೆಗಳ ಜೊತೆ ಹೆಜ್ಜೆ ಹಾಕುವುದು ಎಷ್ಟೋ ಸಲ ಮಕ್ಕಳ ಪಾಲಿನ ಕೆಲಸ. 1875 ಕಾಲುವೆಯ ಸುಗ್ಗಿಯ ವರ್ಷ, ಹತ್ತಿರಹತ್ತಿರ 10 ಲಕ್ಷ ಟನ್ ಸರಕು ಸಾಗಿತು. 1889ರ ಮಹಾಪೂರ ಅದನ್ನು ಮುರಿದು ಹಾಕಿತು, ಕಾಲುವೆ ಎದುರಾಳಿ ರೈಲು ಕಂಪನಿಯ ಕೈಸೇರಿತು. 1924ರ ಪೂರದ ನಂತರ ದೋಣಿಗಳು ನಿಂತೇಹೋದವು. 1938ರಲ್ಲಿ ಸರ್ಕಾರ 20 ಲಕ್ಷ ಡಾಲರಿಗೆ ಕೊಂಡುಕೊಂಡಿತು.

ಇಷ್ಟಾಗಿಯೂ ಈ ದಾರಿ ಕಾರುಗಳ ಪಾಲಾಗುವುದರಲ್ಲಿತ್ತು. ಕಾಲುವೆಯ ಜಾಗದಲ್ಲಿ ಮೋಟಾರು ರಸ್ತೆ ಮಾಡುವ ಯೋಜನೆಯನ್ನು 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಸಂಪಾದಕೀಯ ಬರೆದು ಬೆಂಬಲಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್ ಪತ್ರಿಕೆಗೆ ಪತ್ರ ಬರೆದರು: ಸಂಪಾದಕರು ನನ್ನೊಡನೆ ಪೂರ್ತಿ ನಡೆದು ನೋಡಲಿ, ಆಮೇಲೆ ಹೇಳಲಿ. ಮಾರ್ಚ್ 20ರಂದು ಕಂಬರ್‌ಲ್ಯಾಂಡ್ ಕಡೆಯಿಂದ ಹೊರಟವರು 58 ಜನ. ಎಂಟು ದಿನ ನಡೆದು ಉದ್ದಕ್ಕೂ ಪೂರೈಸಿದವರು ಒಂಬತ್ತೇ ಜನ, ಅವರಲ್ಲಿ 55 ವರ್ಷದ ಡಗ್ಲಸ್ ಒಬ್ಬರು. ಪತ್ರಿಕೆ ನಿಲುವು ಬದಲಿಸಿತು, ರಸ್ತೆಯ ಯೋಜನೆ ಬಿದ್ದುಹೋಯಿತು. 1971ರ ಜನವರಿಯಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ನ್ಯಾಯಪೀಠದಲ್ಲಿ ಕುಳಿತವರೊಬ್ಬರು ಕಾಲುನಡಿಗೆಯಿಂದ ಒಂದು ಕಣಿವೆಯನ್ನು ಕಾಪಾಡಿದ ಈ ಕಥೆ ಶಾಲೆಯ ಪಾಠದಲ್ಲಿ ಇರಬೇಕಾದದ್ದು.

ಕಂಬರ್‌ಲ್ಯಾಂಡಿನಲ್ಲಿ ಕಾಲುವೆ ನಿಂತಿತು, ಸೈಕಲ್ ನಿಲ್ಲಲಿಲ್ಲ. ಹಳೆಯ ರೈಲುಹಾದಿಗಳ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ಮಾಡಿದ ‘ಗ್ರೇಟ್ ಅಲಿಗೇನಿ ಪ್ಯಾಸೇಜ್’ ಅಲ್ಲಿಂದ 150 ಮೈಲಿ ಮುಂದೆ ಪಿಟ್ಸ್‌ಬರ್ಗ್‌ಗೆ ಒಯ್ಯುತ್ತದೆ. ಅದು ಪೂರ್ತಿಯಾದದ್ದು 2013ರಲ್ಲಿ. 1828ರಲ್ಲಿ ಕಾಲುವೆ ಕಟ್ಟಲು ಹೊರಟವರು ಮುಟ್ಟಬೇಕೆಂದಿದ್ದ ಒಹಾಯೊ ನದಿಯ ತಲೆಯನ್ನು 185 ವರ್ಷಗಳ ಮೇಲೆ ಹೀಗೆ ಸೈಕಲ್ ದಾರಿ ಮುಟ್ಟಿತು. ಎರಡೂ ಸೇರಿ ಸುಮಾರು 540 ಕಿಲೋಮೀಟರ್. ನಡುವೆ 2,392 ಅಡಿ ಎತ್ತರದಲ್ಲಿ ಜಲವಿಭಾಜಕ ರೇಖೆ: ಈಚೆ ಬಿದ್ದ ಮಳೆ ಪೊಟೊಮ್ಯಾಕ್ ಹಿಡಿದು ಅಟ್ಲಾಂಟಿಕ್‌ಗೆ, ಆಚೆ ಬಿದ್ದದ್ದು ಒಹಾಯೊ, ಮಿಸಿಸಿಪ್ಪಿ ಹಿಡಿದು ಮೆಕ್ಸಿಕೊ ಕೊಲ್ಲಿಗೆ. ಹತ್ತಿರದ ಬಿಗ್ ಸ್ಯಾವೇಜ್ ಸುರಂಗವನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ.

ಎರಡು ದಾರಿಗಳ ಗುಣ ಬೇರೆ. ಅಲಿಗೇನಿಯ ಸುಣ್ಣಕಲ್ಲಿನ ಪುಡಿ ಮಳೆ ನೀರನ್ನು ಬೇಗ ಇಳಿಸಿಕೊಳ್ಳುತ್ತದೆ. ಟೋಪಾತ್‌ನಲ್ಲಿ ಇತ್ತೀಚೆಗೆ ಬಹಳಷ್ಟು ಕಡೆ ಜಲ್ಲಿಪುಡಿ ಹಾಸಿದ್ದರೂ, ಜೇಡಿಮಣ್ಣು ಉಳಿದಲ್ಲಿ ಮಳೆಯಾದ ಮೇಲೆ ಚಕ್ರಕ್ಕೆ ಕೆಸರು ಮೆತ್ತಿಕೊಳ್ಳುತ್ತದೆ. ಇದಕ್ಕೆ 40 ಮಿಲಿಮೀಟರ್ ಆಸುಪಾಸಿನ ಟೈರು ಹೇಳಿ ಮಾಡಿಸಿದ್ದು. ರಾತ್ರಿ ತಂಗಲು ಉದ್ದಕ್ಕೂ ಸುಮಾರು 30 ಬಿಡಾರಗಳಿವೆ, ನೀರಿಗೆ ಕೈಪಂಪು. ಚಳಿಗಾಲಕ್ಕೆ ಪಂಪಿನ ಹಿಡಿಕೆ ತೆಗೆದಿಡುತ್ತಾರೆ. ಲಾಕ್ ಕಾಯುವವರು ಬಾಳಿದ ಕಲ್ಲುಮನೆಗಳಲ್ಲಿ ಕೆಲವನ್ನು ಬೇರೆ ಬೇರೆ ಕಾಲದ ಸಾಮಾನುಗಳಿಂದ ಸಜ್ಜುಗೊಳಿಸಿ ಬಾಡಿಗೆಗೂ ಕೊಡುತ್ತಾರೆ.

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರ ಸಂಘದ ಹೆಸರು ‘ಕಾವೇರಿ’. ಅಲ್ಲಿ ನೆಲೆಸಿದವರಿಗೂ ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೂ ಪೂರ್ತಿ ದಾರಿ ದೊಡ್ಡದೆನಿಸಿದರೆ ಜಾರ್ಜ್‌ಟೌನ್‌ನಿಂದ ಗ್ರೇಟ್ ಫಾಲ್ಸ್‌ವರೆಗಿನ 14 ಮೈಲಿ ಒಂದು ಬೆಳಗಿಗೆ ಸರಿಯಾಗುತ್ತದೆ. ಒಂದು ಮೈಲಿಯೊಳಗೆ ನದಿ 76 ಅಡಿ ಧುಮುಕುವ ಜಾಗ ಅದು. ಆ ಧುಮುಕನ್ನು ದೋಣಿಗಳಿಗೆ ತಪ್ಪಿಸಿದ ಲಾಕ್‌ಗಳ ಸಾಲು ಅಲ್ಲಿ ದಾರಿಯ ಪಕ್ಕದಲ್ಲೇ ಸಿಗುತ್ತದೆ.