ಗುದ್ದಾಟದ ಕಸುಬು

ಬೆಂಗಳೂರಿನಲ್ಲಿ 2022ರ ಫೆಬ್ರುವರಿ 25ರಂದು ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ದಬಂಗ್ ಡೆಲ್ಲಿ ತಂಡ ಪಟ್ನಾ ಪೈರೇಟ್ಸ್ ತಂಡವನ್ನು 37–36ರಿಂದ ಮಣಿಸಿತು. ಒಂದೇ ಅಂಕದಿಂದ ಪ್ರಶಸ್ತಿ ತಪ್ಪಿಸಿಕೊಂಡ ಪಟ್ನಾದ ನಾಯಕ ನಮ್ಮ ಪುತ್ತೂರು ಸೀಮೆಯ ಪ್ರಶಾಂತ್ ಕುಮಾರ್ ರೈ. ಕೋವಿಡ್ ನಿರ್ಬಂಧದಿಂದಾಗಿ ಅಂಕಣದ ಸುತ್ತ ಪ್ರೇಕ್ಷಕರಿರಲಿಲ್ಲ. ಹಾಗಾಗಿ ಮೈಗೆ ಮೈ ಬಡಿಯುವ ಸದ್ದು ಟಿ.ವಿ.ಯಲ್ಲಿ ಎಂದಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು.

ರೈ ಅವರು ದಾಳಿಗಾರ. ಮೂವತ್ತು ಸೆಕೆಂಡುಗಳೊಳಗೆ ಏಳು ಮಂದಿಯ ಕೋಟೆಗೆ ಒಬ್ಬನೇ ಹೊಕ್ಕು, ಮುಟ್ಟಿ, ಹಿಂತಿರುಗುವುದು ದಾಳಿಗಾರನ ಕಸುಬು. ಒಬ್ಬ ಪಾದದ ಕೀಲಿಗೆ ಕೈಹಾಕುತ್ತಾನೆ, ಇನ್ನೊಬ್ಬ ತೊಡೆಯನ್ನು ತಬ್ಬುತ್ತಾನೆ, ಮೂರನೆಯವನು ಭುಜದಿಂದ ಗುದ್ದಿ ಗೆರೆಯಾಚೆ ಎಸೆಯುತ್ತಾನೆ. ಇದಕ್ಕೆ ಮಾರುಕಟ್ಟೆ ಕಟ್ಟಿದ ಬೆಲೆ ಹರಾಜಿನ ದಾಖಲೆಯಲ್ಲಿದೆ: ಉತ್ತರ ಪ್ರದೇಶದ ತಂಡ 2018ರಲ್ಲಿ ಅವರಿಗೆ 79 ಲಕ್ಷ ರೂಪಾಯಿ ಕೊಟ್ಟಿತು, ಹರಿಯಾಣ 2019ರಲ್ಲಿ 77 ಲಕ್ಷ, ಪಟ್ನಾ 2021ರಲ್ಲಿ 55 ಲಕ್ಷ. ಇಳಿಮುಖವೆಂದು ಮರುಗುವವರು ಗಮನಿಸಬೇಕು, ತಂಡವನ್ನು ಫೈನಲ್‌ವರೆಗೆ ಒಯ್ದದ್ದು ಆ 55 ಲಕ್ಷದ ಆಟಗಾರ.

ಹರಾಜಿನಲ್ಲಿ ಎಣಿಕೆಗೆ ಬಾರದಿರುವುದು ಬಿದ್ದ ಮೈಯ ಲೆಕ್ಕ. ಅದು ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ತಿಳಿಯಲು ಉತ್ತರ ಅಮೆರಿಕದ ಐಸ್ ಹಾಕಿಯತ್ತ ನೋಡಬೇಕು. ಕೆನಡಾದ ಡೆರೆಕ್ ಬೂಗಾರ್ಡ್ ಅಲ್ಲಿನ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡಿದ್ದು 277 ಪಂದ್ಯ, ಹೊಡೆದದ್ದು 3 ಗೋಲು. ಗೋಲು ಹೊಡೆಯಲೆಂದು ಯಾರೂ ಅವರನ್ನು ಇಟ್ಟುಕೊಂಡಿರಲಿಲ್ಲ. ಎದುರಾಳಿಯನ್ನು ಗುದ್ದಿ ತಮ್ಮವರನ್ನು ಕಾಯುವುದೇ ಅವರ ಕೆಲಸ. 2011ರ ಮೇ ತಿಂಗಳಲ್ಲಿ, 28ನೇ ವಯಸ್ಸಿನಲ್ಲಿ, ನೋವಿನ ಗುಳಿಗೆ ಮತ್ತು ಮದ್ಯ ಎರಡೂ ಮಿತಿಮೀರಿ ತೀರಿಕೊಂಡರು. ತಲೆಗೆ ಪದೇ ಪದೇ ಬೀಳುವ ಪೆಟ್ಟಿನೊಡನೆ ನಂಟಿರುವ ಕಾಯಿಲೆಯೊಂದು ಅವರ ಮಿದುಳಿನಲ್ಲಿ ಬೇರೂರಿದ್ದುದನ್ನು ವೈದ್ಯರು ಕಂಡದ್ದು ಮರಣಾನಂತರ.

ಕಬಡ್ಡಿ ಅಷ್ಟು ಕ್ರೂರವಲ್ಲ, ನಿಜ. ಇಲ್ಲಿ ಮುಷ್ಟಿಗೆ ಅವಕಾಶವಿಲ್ಲ. ಆದರೆ ನನ್ನ ಆತಂಕ ಲಕ್ಷಗಳಲ್ಲಿ ಹರಾಜಾದವರ ಕುರಿತದ್ದಲ್ಲ. ಅವರ ಬೆನ್ನಿಗೆ ತಂಡದ ಫಿಸಿಯೋ ಇರುತ್ತಾರೆ. ಈಗ ಕಡಬ ತಾಲೂಕಿಗೆ ಸೇರಿರುವ ನನ್ನೂರು ಕೊಯಿಲದ ಆಸುಪಾಸಿನಲ್ಲಿ ಮಳೆ ನಿಂತಮೇಲೆ ಹೊನಲು ಬೆಳಕಿನ ಪಂದ್ಯಾಟಗಳ ಸುಗ್ಗಿ. ಹಗಲು ಅಡಿಕೆ ತೋಟದಲ್ಲಿ ದುಡಿದ ಹುಡುಗರು ರಾತ್ರಿ ಎರಡರವರೆಗೆ ಸೆಣಸುತ್ತಾರೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಬಳಿಕ ಅವರ ಕಣ್ಣಲ್ಲಿ ಟ್ರೋಫಿಗಿಂತ ದೊಡ್ಡದೊಂದು ಆಸೆ ಸೇರಿಕೊಂಡಿದೆ. ಅದನ್ನು ತಪ್ಪೆನ್ನಲಾರೆ. ಮಮತಾ ಪೂಜಾರಿ ಕಾರ್ಕಳದ ಹಳ್ಳಿಯೊಂದರಿಂದ ಹೊರಟು ಏಷ್ಯನ್ ಕ್ರೀಡಾಕೂಟದಲ್ಲಿ 2010 ಮತ್ತು 2014ರ ಚಿನ್ನ ಗೆದ್ದ ಜಿಲ್ಲೆಗಳಿವು.

ನಮ್ಮೂರ ತರುಣನೊಬ್ಬ ಅಂಥ ಪಂದ್ಯಾಟದಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. ಸಂಘಟಕರು ಮೈಕಿನಲ್ಲಿ ಕೂಗಿ ಒಂದಿಷ್ಟು ಹಣ ಒಟ್ಟುಮಾಡಿಕೊಟ್ಟರು. ಶಸ್ತ್ರಚಿಕಿತ್ಸೆಗೆ ಮನೆಯವರು ಸಾಲ ಮಾಡಿದರು. ಅವನಿಗೆ ಈಗ ಅಡಿಕೆ ಮರ ಹತ್ತಲಾಗುವುದಿಲ್ಲ. ಮೊನ್ನೆ ಮನೆಗೆ ಬಂದ ಹೊಸ ಪಂದ್ಯಾಟದ ಕರಪತ್ರವನ್ನು ಎರಡು ಬಾರಿ ಓದಿದೆ. ನಗದು ಬಹುಮಾನ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ, ಉದ್ಘಾಟಕರು, ಮುಖ್ಯ ಅತಿಥಿಗಳು ಎಲ್ಲ ಇತ್ತು. ವಿಮೆಯ ಮಾತಾಗಲಿ, ವೈದ್ಯರ ಹೆಸರಾಗಲಿ ಇರಲಿಲ್ಲ. ಕೆಳಗಿದ್ದ ಸಂಖ್ಯೆಗೆ ಕರೆಮಾಡಿ ವಿಚಾರಿಸಿದೆ. ‘ಅಂಥದ್ದೇನೂ ಆಗುವುದಿಲ್ಲ ಸರ್, ನೀವು ಬನ್ನಿ’ ಎಂದರು.