ಬಾಳೆಬರೆ ಘಾಟಿಯೂ ಡೀಸೆಲ್ ಎಂಜಿನಿನ ಗಣಕವೂ

ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳನ್ನು ಹಾದು, ಬಾಳೆಬರೆ ಘಾಟಿಯನ್ನೇರಿ, ಹುಲಿಕಲ್ಲಿನ ಮೂಲಕ ಮಾಸ್ತಿಕಟ್ಟೆಯನ್ನು ಸೇರುವ ಮಾರ್ಗವು ಡೀಸೆಲ್ ಎಂಜಿನಿನ ಸತ್ತ್ವವನ್ನೂ ವಿವೇಕವನ್ನೂ ಏಕಕಾಲಕ್ಕೆ ಪರೀಕ್ಷಿಸತಕ್ಕ ಮಾರ್ಗವಾಗಿದೆ. ಕಡಿದಾದ ತಿರುವಿನಲ್ಲಿ ವೇಗ ಕುಗ್ಗಿ, ಎರಡನೆಯ ಗೇರಿಗಿಳಿದ ಚಾಲಕನು ಆಕ್ಸಿಲರೇಟರನ್ನು ಮತ್ತೆ ಒತ್ತುವ ಆ ಒಂದು ಕ್ಷಣದಲ್ಲಿ ಬಾನೆಟ್ಟಿನ ಕೆಳಗೆ ನಡೆಯುವ ವ್ಯಾಪಾರವು ನಿಜಕ್ಕೂ ವಿಸ್ಮಯಕರವಾದುದು.

ಹಿಂದಿನ ಗಾಡಿಗಳಲ್ಲಿ ಪೆಡಲಿನ ಚಲನೆಯು ಸರಳಿನ ಮೂಲಕ ನೇರವಾಗಿ ಇಂಧನದ ಪಂಪನ್ನು ಮುಟ್ಟುತ್ತಿತ್ತು. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೊ ಸಂಸ್ಥೆಯ ಪಂಪುಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮೇಸ್ತ್ರಿಗಳಿಗೆ ಅದರ ಮರ್ಮವೆಲ್ಲ ಕರತಲಾಮಲಕವಾಗಿತ್ತು. ಇಂದು ಪೆಡಲು ಚಾಲಕನ ಅಪೇಕ್ಷೆಯನ್ನು ವಿದ್ಯುತ್ಸಂಕೇತವಾಗಿ ನಿವೇದಿಸುತ್ತದೆ; ತೀರ್ಮಾನವು ಇ.ಸಿ.ಯು. ಎಂಬ ಗಣಕಕ್ಕೆ ಸೇರಿದ್ದು. ಕ್ರ್ಯಾಂಕಿನೊಡನೆ ತಿರುಗುವ ಹಲ್ಲುಚಕ್ರವೊಂದರಲ್ಲಿ, ಅನೇಕ ಎಂಜಿನುಗಳಲ್ಲಿ, 60 ಹಲ್ಲುಗಳಿರಬೇಕಾದೆಡೆ ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ತೆರಪು ಸೆನ್ಸಾರಿನ ಮುಂದೆ ಹಾದುಹೋದೊಡನೆ ಪಿಸ್ಟನ್ನು ಎಲ್ಲಿದೆಯೆಂಬುದು ಗಣಕಕ್ಕೆ ತಿಳಿಯುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ನಿಮಿಷಕ್ಕೆ 4000 ಸಲ ಇಂಧನದ ಲೆಕ್ಕವಾಗಬೇಕು. 1997ರಲ್ಲಿ ಕಾರುಗಳಿಗೆ ಮೊದಲು ಬಂದ ಕಾಮನ್‌ರೈಲ್ ವಿಧಾನದಲ್ಲಿ, ಸಾವಿರಕ್ಕೂ ಮಿಕ್ಕಿದ ವಾತಾವರಣಗಳಷ್ಟು ಒತ್ತಡದಲ್ಲಿ ಸಿದ್ಧವಾಗಿರುವ ಡೀಸೆಲನ್ನು ಇಂಜೆಕ್ಟರು ಮೊದಲು ಅತ್ಯಲ್ಪವಾಗಿಯೂ ಅನಂತರ ಪ್ರಧಾನವಾಗಿಯೂ ಸಿಂಪಡಿಸುವುದರಿಂದಲೇ ಹಳೆಯ ಎಂಜಿನುಗಳ ಆ ಕರ್ಕಶ ಬಡಿತ ತಗ್ಗಿತು.

ಟರ್ಬೊವಿನ ಕಥೆ ಇನ್ನೂ ಸೂಕ್ಷ್ಮವಾದುದು. ಹೊರಹೋಗುವ ಬಿಸಿ ಹೊಗೆಯ ಬಲದಿಂದಲೇ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಆ ಚಕ್ರವು ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಆದರೆ ತಿರುವಿನಲ್ಲಿ ನಿಧಾನಿಸಿದ ಎಂಜಿನಿನಲ್ಲಿ ಹೊಗೆಯೂ ಕಡಿಮೆ, ಗಾಳಿಯೂ ಕಡಿಮೆ. ಆಗ ಡೀಸೆಲನ್ನು ಅಪೇಕ್ಷಿಸಿದಷ್ಟೂ ಸುರಿದರೆ ಕಪ್ಪು ಹೊಗೆಯೇ ಫಲ. ಒತ್ತಡದ ಸೆನ್ಸಾರು ಗಾಳಿ ಬಂದಿತೆಂದು ವರದಿ ಮಾಡುವವರೆಗೆ ಗಣಕವು ಕೈ ಬಿಗಿಹಿಡಿಯುತ್ತದೆ. “ಪಿಕಪ್ ಇಲ್ಲ” ಎಂದು ಚಾಲಕರು ದೂರುವ ಆ ಅರೆಗಳಿಗೆಯ ಕಾರಣವು ಬಹುಮಟ್ಟಿಗೆ ಇದೇ ಆಗಿದೆ, ಮತ್ತು ಹಿಂದೆ ಬರುವವರ ಶ್ವಾಸಕೋಶಗಳನ್ನು ನೆನೆದರೆ ಆ ವಿಳಂಬವು ಸರ್ವಥಾ ಸಮರ್ಥನೀಯವೆಂದೇ ನನ್ನ ಅಭಿಪ್ರಾಯ.

ಹುಲಿಕಲ್ಲಿನ ಮಳೆಗಾಲವು ಈ ವ್ಯವಸ್ಥೆಗೆ ಬೇರೊಂದು ಪರೀಕ್ಷೆ. ವೈರಿಂಗಿನ ಕನೆಕ್ಟರೊಂದರೊಳಗೆ ತೇವ ಹೊಕ್ಕು ಸಂಕೇತವು ಅಸಂಭವವಾಗಿ ತೋರಿತೆಂದರೆ ಗಣಕವು ಚೆಕ್‌ಲೈಟನ್ನು ಹೊತ್ತಿಸಿ, ಶಕ್ತಿಯನ್ನು ಮಿತಗೊಳಿಸಿ, ಗಾಡಿ ಕುಂಟುತ್ತಲಾದರೂ ಗ್ಯಾರೇಜು ಮುಟ್ಟುವಂತೆ ನೋಡಿಕೊಳ್ಳುತ್ತದೆ. ಅಲ್ಲಿ ಸ್ಕ್ಯಾನರು ತೋರಿಸಿದ ಭಾಗವನ್ನು ಒಡನೆಯೇ ಬದಲಿಸದೆ, ಮೊದಲು ಅದರ ತಂತಿಯನ್ನೂ ಪಿನ್ನುಗಳನ್ನೂ ಪರಿಶೀಲಿಸುವ ಮೇಸ್ತ್ರಿಯೇ ಬಲ್ಲವನು.

ಇಳಿಯುವಾಗಲೂ ಗಣಕಕ್ಕೆ ಬಿಡುವಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುವುದರಿಂದ ಇಂಜೆಕ್ಟರುಗಳು ಮುಚ್ಚಿಕೊಂಡು ಡೀಸೆಲಿನ ವ್ಯಯವು ಸೊನ್ನೆಗಿಳಿಯುತ್ತದೆ. ಉಳಿತಾಯವೆಂದು ಭ್ರಮಿಸಿ ನ್ಯೂಟ್ರಲಿನಲ್ಲಿ ಇಳಿಯುವವನ ಗಾಡಿಯಲ್ಲಾದರೋ ಎಂಜಿನು ನಿಲ್ಲದಂತೆ ಕಾಯಲು ಗಣಕವು ಡೀಸೆಲನ್ನು ಸುರಿಯುತ್ತಲೇ ಇರಬೇಕಾಗುತ್ತದೆ, ಮತ್ತು ಹೊಸಂಗಡಿಯವರೆಗಿನ ಭಾರವೆಲ್ಲ ಬಿಸಿಯೇರುತ್ತಿರುವ ಬ್ರೇಕುಗಳ ಮೇಲೆಯೇ ಬೀಳುತ್ತದೆ.