ಹಳೆಯ ಕಿಟಕಿ ಬದಲಾಯಿಸಿದರೆ ವಿದ್ಯುತ್ ಬಿಲ್ಲು ಇಳಿಯುವುದೇ? – ಸಾರ್ವಜನಿಕರಿಗೆ ಮಾಹಿತಿ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆನಾಡು ಭಾಗದಲ್ಲಿ, ಹೊಂಗಡಹಳ್ಳದಂತಹ ಹೆಚ್ಚು ಮಳೆ ಬೀಳುವ ಗ್ರಾಮಗಳಲ್ಲಿ, ಮನೆ ದುರಸ್ತಿ ಮಾಡಿಸುವವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಹಳೆಯ ಮರದ ಕಿಟಕಿಗಳನ್ನು ತೆಗೆಸಿ ಎರಡು ಪದರ ಗಾಜಿನ ಕಿಟಕಿಗಳನ್ನು ಹಾಕಿಸಿದರೆ, ವಿದ್ಯುತ್ ಉಳಿತಾಯದಿಂದ ಆ ಹಣ ಹಿಂದಿರುಗುವುದೇ? ಇದಕ್ಕಾಗಿ ಸಾಲ ಪಡೆಯುವ ಮುನ್ನ ಈ ಕೆಳಗಿನ ವಿವರಗಳನ್ನು ಪರಿಶೀಲಿಸುವಂತೆ ಕೋರಲಾಗಿದೆ.

ಕಿಟಕಿಯು ತಾನಾಗಿಯೇ ವಿದ್ಯುತ್ತನ್ನು ಉಳಿಸುವುದಿಲ್ಲ. ಕೋಣೆಯನ್ನು ವಿದ್ಯುತ್ತಿನಿಂದ ಬಿಸಿ ಅಥವಾ ತಂಪು ಮಾಡುತ್ತಿದ್ದರೆ ಮಾತ್ರ ಒಳ್ಳೆಯ ಕಿಟಕಿಯು ಆ ವೆಚ್ಚವನ್ನು ತಗ್ಗಿಸುತ್ತದೆ. ಹೀಟರ್ ಆಗಲೀ ಎ.ಸಿ. ಆಗಲೀ ಇಲ್ಲದ ಮನೆಯಲ್ಲಿ ಉಳಿತಾಯವು ಸೊನ್ನೆ.

ಹೀಟರ್ ಬಳಸುವ ಮನೆಯ ಲೆಕ್ಕವನ್ನು ನೋಡೋಣ. ಒಂದು ಪದರದ ಗಾಜಿನಲ್ಲಿ ಪ್ರತಿ ಚದರ ಮೀಟರಿಗೆ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.8 ವ್ಯಾಟ್ ಶಾಖ ಹೊರಹೋಗುತ್ತದೆ. ಸಾಧಾರಣ ಎರಡು ಪದರದ ಗಾಜಿನಲ್ಲಿ ಸುಮಾರು 2.8 ವ್ಯಾಟ್. ನಾಲ್ಕು ಕಿಟಕಿಗಳಲ್ಲಿ ಒಟ್ಟು 6 ಚದರ ಮೀಟರ್ ಗಾಜಿದ್ದು, ಒಳಗೆ 8 ಡಿಗ್ರಿ ಹೆಚ್ಚು ಬೆಚ್ಚಗಿದ್ದು, ರಾತ್ರಿ 8 ಗಂಟೆ ಕಾಲ ಹೀಟರ್ ನಡೆದರೆ ದಿನಕ್ಕೆ ಉಳಿಯುವುದು ಸುಮಾರು 1.15 ಯೂನಿಟ್. ವರ್ಷದಲ್ಲಿ ಇಂತಹ 100 ರಾತ್ರಿಗಳಿಗೆ 115 ಯೂನಿಟ್. ಯೂನಿಟ್ಟಿಗೆ ರೂ. 6ರಂತೆ ಹಿಡಿದರೆ ರೂ. 690 ಮಾತ್ರ. ಕಿಟಕಿಗಳಿಗೆ ಕೇಳಿರುವ ಮೊತ್ತವನ್ನು ಈ 690ರಿಂದ ಭಾಗಿಸಿದರೆ ಎಷ್ಟು ವರ್ಷ ಬೇಕೆಂಬುದು ತಿಳಿಯುತ್ತದೆ. ಇಷ್ಟಾದರೂ ದೊರೆಯಬೇಕಾದರೆ ಮಾಡಿಗೆ ಒಳಮಾಳಿಗೆ ಇರಬೇಕು. ಬರಿಯ ಹೆಂಚಿನ ಮನೆಯಲ್ಲಿ ಬಿಸಿಗಾಳಿಯು ಹೆಂಚಿನ ಸಂದುಗಳಿಂದಲೇ ಹೊರಟುಹೋಗುವುದರಿಂದ ಕಿಟಕಿ ಬದಲಾಯಿಸುವುದು ಹೆಚ್ಚು ಪ್ರಯೋಜನಕಾರಿಯಲ್ಲ.

ಮಳೆನೀರು ಒಳಬರುವುದು, ಚೌಕಟ್ಟು ಗೆದ್ದಲು ಹಿಡಿದಿರುವುದು, ಬಾಗಿಲು ಉಬ್ಬಿ ಚಿಲಕ ಕೂರದಿರುವುದು ಮುಂತಾದ ಕಾರಣಗಳಿಗಾಗಿ ಕಿಟಕಿ ಬದಲಾಯಿಸುವುದು ಬೇರೆ ಮಾತು. ಅದು ಅಗತ್ಯ ದುರಸ್ತಿ. ಆದರೆ ಕೇವಲ ಗಾಳಿ ನುಸುಳುತ್ತಿದ್ದರೆ ಬಡಗಿಯನ್ನು ಕರೆಸಿ ಬಾಗಿಲನ್ನು ಸರಿಪಡಿಸಿ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸುವುದು ಅತಿ ಕಡಿಮೆ ಖರ್ಚಿನ ಕ್ರಮವಾಗಿರುತ್ತದೆ.

ಇಲ್ಲೊಂದು ಎಚ್ಚರಿಕೆ ಅವಶ್ಯಕ. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿ ಇಡುವವರಿದ್ದಾರೆ. ಹಳೆಯ ಮನೆಯ ಸಂದುಗಳು ಗಾಳಿಯಾಡಲು ದಾರಿಯಾಗಿದ್ದವು. ಸಂದಿಲ್ಲದಂತೆ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದರೆ ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಲ್ಲದು. ಯಾವುದೇ ಕಾರಣಕ್ಕೂ ಹೀಗೆ ಮಾಡಬಾರದು.

ಉಳಿತಾಯವನ್ನು ಲೆಕ್ಕ ಹಾಕುವಾಗ ಗೃಹಜ್ಯೋತಿ ಯೋಜನೆಯನ್ನೂ ಗಮನಿಸಬೇಕು. 2023ರ ಆಗಸ್ಟ್ ಬಿಲ್ಲಿನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ, 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಅರ್ಹ ಯೂನಿಟ್ಟುಗಳು ನಿಗದಿಯಾಗಿವೆ. ಬಳಕೆ ಅದರೊಳಗಿದ್ದು ಬಿಲ್ಲು ಶೂನ್ಯವಾಗಿರುವ ಮನೆಗೆ ಇನ್ನಷ್ಟು ಉಳಿಸಿದರೂ ಹಣದ ಲಾಭವಿಲ್ಲ. ಅರ್ಹತೆಯನ್ನು ಮೀರಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ಬಳಕೆ 200 ದಾಟಿದ ತಿಂಗಳು ಮಾತ್ರ ಪೂರ್ಣ ಬಿಲ್ಲು ಬರುತ್ತದೆ. ಹೀಗಾಗಿ 210 ಯೂನಿಟ್ ಬಳಸುವ ಕುಟುಂಬಕ್ಕೆ ಕೇವಲ 10 ಯೂನಿಟ್ ಉಳಿತಾಯವೂ ಬಹಳ ದೊಡ್ಡದು. ಬಿಲ್ಲಿನ ಹಿಂದಿನ 12 ತಿಂಗಳುಗಳನ್ನು ಒಟ್ಟಿಗೆ ಇಟ್ಟು ನೋಡದೆ ಈ ಅಂಶ ತಿಳಿಯುವುದಿಲ್ಲ.

ಆ 10 ಯೂನಿಟ್ಟನ್ನು ಹುಡುಕಬೇಕಾದ ಜಾಗ ಬಚ್ಚಲುಮನೆ. 2,000 ವ್ಯಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹತ್ತು ನಿಮಿಷ ಕಡಿಮೆ ಮಾಡಿದರೆ ಸರಿಯಾಗಿ 10 ಯೂನಿಟ್ ಉಳಿಯುತ್ತದೆ. ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟ್‌ನ ಹಳೆಯ ಬಲ್ಬಿನ ಬದಲು 9 ವ್ಯಾಟ್‌ನ ಎಲ್.ಇ.ಡಿ. ಹಾಕಿದರೆ ತಿಂಗಳಿಗೆ ಸುಮಾರು 7.6 ಯೂನಿಟ್. ಸೌರ ನೀರು ಕಾಯಿಸುವ ಸಾಧನವೂ ಉಪಯುಕ್ತವೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ದಿನಗಳಲ್ಲಿ ಹಂಡೆ ಅಥವಾ ಗೀಸರನ್ನು ಅವಲಂಬಿಸಬೇಕಾಗುತ್ತದೆ.

ಸಹಾಯಧನ ಕುರಿತು: ಗೃಹಜ್ಯೋತಿಯಾಗಲೀ, 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಾಗಲೀ ಕಿಟಕಿಗಳಿಗೆ ಅನ್ವಯಿಸುವುದಿಲ್ಲ. ಎರಡನೆಯದು ಮಾಡಿನ ಮೇಲಿನ ಸೌರ ವಿದ್ಯುತ್ತಿಗೆ ಮಾತ್ರ. ಕಿಟಕಿ, ಗೋಡೆಗಳ ಶಾಖ ನಿಯಂತ್ರಣ ಕುರಿತ 2018ರ ಇಕೋ ನಿವಾಸ್ ಸಂಹಿತೆಯು 500 ಚದರ ಮೀಟರ್ ಅಥವಾ ಹೆಚ್ಚಿನ ನಿವೇಶನದಲ್ಲಿನ ಹೊಸ ವಸತಿ ಕಟ್ಟಡಗಳನ್ನು ಉದ್ದೇಶಿಸಿದ್ದು, ಹಳೆಯ ಮನೆಯವರು ಅದರ ಹೆಸರಿನಲ್ಲಿ ಕಿಟಕಿ ಬದಲಾಯಿಸಬೇಕಾಗಿಲ್ಲ.

ಹಾಸನ ಜಿಲ್ಲೆಯು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯಲ್ಲಿದೆ. ಅರ್ಹ ಯೂನಿಟ್ಟುಗಳ ವಿವರಕ್ಕಾಗಿ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯೊಂದಿಗೆ ಸಮೀಪದ ನಿಗಮದ ಕಚೇರಿ ಅಥವಾ 1912 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಗೃಹಜ್ಯೋತಿಗೆ ಇನ್ನೂ ನೋಂದಾಯಿಸದವರು ಸೇವಾಸಿಂಧು ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ.